ಮಕ್ಕಳಿಗೆ ಪೇಪರ್ ಕೊಡುವಾಗ ನಗರದ ಪುಟದಿಂದ ಶುರು ಮಾಡಿ

"ಈಗಿನ ಹುಡುಗರು ಪೇಪರ್ ಓದಲ್ಲ" ಅನ್ನುವ ಮಾತು ಕೇಳಿ ಕೇಳಿ ಸಾಕಾಗಿದೆ. ಓದಲ್ಲ, ನಿಜ. ಆದರೆ ನಾವು ಓದು ಅಂತ ಹೇಳುವುದಾದರೂ ಯಾತಕ್ಕೆ? ಜನರಲ್ ನಾಲೆಡ್ಜ್‌ಗೆ, ಮುಂದೆ ಕೆಎಎಸ್ ಬರೆಯಬಹುದು ಅಂತ, ಇಲ್ಲ ಇಂಗ್ಲಿಷ್ ಸುಧಾರಿಸಲಿ ಅಂತ. ಅಂದರೆ ಇನ್ನೊಂದು ಪಠ್ಯಪುಸ್ತಕ. ಹದಿನಾರು ವರ್ಷದ ಯಾವ ಮಗು ಅದನ್ನು ಇಷ್ಟಪಟ್ಟು ಓದುತ್ತದೆ ಹೇಳಿ.

ಮುಖಪುಟ ಆಮೇಲೆ ಇರಲಿ. ಮೊದಲು ಬೆಂಗಳೂರಿನ ಪುಟ ಕೊಡಿ. ನಾಳೆ ಎಲ್ಲಿ ಕರೆಂಟ್ ಇರಲ್ಲ, ಯಾವ ಬಡಾವಣೆಗೆ ಕಾವೇರಿ ನೀರು ಬರಲ್ಲ, ಯಾವ ರಸ್ತೆ ವೈಟ್ ಟಾಪಿಂಗ್‌ಗೆ (ಕಾಂಕ್ರೀಟ್ ಹಾಕಲು) ಬಂದ್, ಯಾವ ಕೆರೆ ಒತ್ತುವರಿ ಆಗಿದೆ. ಇವೆಲ್ಲ ಅವರು ದಿನಾ ಕಾಲೇಜಿಗೆ ಹೋಗುವ ದಾರಿಯ ಸುದ್ದಿ. ತನ್ನ ಬಸ್‌ಸ್ಟಾಪ್ ಹೆಸರು ಪೇಪರಲ್ಲಿ ಕಂಡರೆ ಯಾರಾದರೂ ಓದೇ ಓದುತ್ತಾರೆ.

ನಮ್ಮೂರಿಗೆ ಇದು ಇನ್ನೂ ಜಾಸ್ತಿ ಬೇಕು. 2020ರ ಸೆಪ್ಟೆಂಬರ್‌ನಲ್ಲಿ ಆಗಿನ ನಗರ ಪಾಲಿಕೆ ಬಿಬಿಎಂಪಿಯ ಕೌನ್ಸಿಲ್ ಅವಧಿ ಮುಗಿಯಿತು. ಆಮೇಲೆ ವರ್ಷಗಟ್ಟಲೆ ಚುನಾವಣೆ ಇಲ್ಲ, ಕಾರ್ಪೊರೇಟರ್ ಇಲ್ಲ. ಆಗ ಹನ್ನೆರಡು ಹದಿಮೂರು ವರ್ಷವಿದ್ದ ಮಕ್ಕಳು ತಮ್ಮ ವಾರ್ಡಿಗೆ ಒಬ್ಬ ಸದಸ್ಯ ಇರುತ್ತಾನೆ, ಚರಂಡಿ ಕಟ್ಟಿಕೊಂಡರೆ ಅವನ ಮನೆ ಬಾಗಿಲು ತಟ್ಟಬಹುದು ಅನ್ನುವುದನ್ನೇ ನೋಡದೆ ಮತದಾರರಾಗುವ ವಯಸ್ಸಿಗೆ ಬಂದರು. 2025ರಲ್ಲಿ ಗ್ರೇಟರ್ ಬೆಂಗಳೂರು ಪ್ರಾಧಿಕಾರ ಬಂತು, ಒಂದು ಪಾಲಿಕೆ ಐದಾಯಿತು. ವಾರ್ಡ್ ಗಡಿಗಳ ಕರಡು ಹೊರಟಾಗ ಆಕ್ಷೇಪಣೆ ಸಲ್ಲಿಸಲು ಜನರಿಗೆ ಅವಕಾಶವೂ ಇತ್ತು. ನಮ್ಮ ಬೀದಿಯ ಎಷ್ಟು ಯುವಕರಿಗೆ ಗೊತ್ತಿತ್ತು? ಇಂಥದ್ದನ್ನು ಯಾವ ರೀಲ್ಸೂ ಹೇಳಲ್ಲ.

ಪತ್ರಿಕೆಗಳಲ್ಲಿ ಕೊರತೆ ಇಲ್ಲವೇ ಅಂದರೆ ಇದೆ. ಕೆಲವು ದಿನ ಜಾಹೀರಾತು ದಾಟಿ ಸುದ್ದಿ ಹುಡುಕಬೇಕು. ಅದಕ್ಕೇ ಒಂದೇ ಸುದ್ದಿಯನ್ನು ಎರಡು ಪೇಪರಲ್ಲಿ ಓದಿಸಿ. ಒಂದರಲ್ಲಿ ಅಧಿಕಾರಿ ಹೇಳಿದ್ದಷ್ಟೇ ಇರುತ್ತದೆ, ಇನ್ನೊಂದರಲ್ಲಿ ಅಲ್ಲಿನ ಜನರ ಮಾತೂ ಇರುತ್ತದೆ. ಆ ವ್ಯತ್ಯಾಸ ಮಕ್ಕಳ ಕಣ್ಣಿಗೆ ಬಿದ್ದ ದಿನದಿಂದ ವಾಟ್ಸಾಪ್ ಫಾರ್ವರ್ಡ್‌ಗೂ "ಇದನ್ನು ಯಾರು ಹೇಳಿದ್ದು?" ಅಂತ ಕೇಳಲು ಶುರು ಮಾಡುತ್ತಾರೆ. ನಾನೇ ನೋಡಿದ್ದೇನೆ.

ಎರಡು ಪೇಪರ್ ತರಿಸುವುದು ಎಲ್ಲರ ಕೈಲೂ ಆಗಲ್ಲ. ಆದರೆ ನಾವು ಕಟ್ಟುವ ಆಸ್ತಿ ತೆರಿಗೆಯ ಜೊತೆ ಗ್ರಂಥಾಲಯ ಸೆಸ್ ಅಂತ ನೂರಕ್ಕೆ ಆರು ರೂಪಾಯಿ ಕಟ್ಟುತ್ತೇವೆ. ಆ ದುಡ್ಡಿಗೆ ಬಡಾವಣೆಯ ಲೈಬ್ರರಿಗೆ ಪೇಪರ್ ಬರಬೇಕು, ನಮ್ಮ ಮಕ್ಕಳೂ ಅಲ್ಲಿಗೆ ಹೋಗಬೇಕು. ನಮ್ಮ ಕಡೆಯ ಲೈಬ್ರರಿಯಲ್ಲಿ ಬೆಳಿಗ್ಗೆ ಪೇಪರ್ ಮೇಜಿನ ಸುತ್ತ ಕೂತವರೆಲ್ಲ ರಿಟೈರ್ ಆದವರು. ಒಳಗಿನ ರೂಮಲ್ಲಿ ಹುಡುಗರಿರುತ್ತಾರೆ, ಅವರ ಮುಂದೆ ಗೈಡುಗಳು ಮಾತ್ರ.

ಓದಿದ ಮೇಲೆ ಬರೆಸಿ. ಪ್ರಜಾವಾಣಿಯಲ್ಲಿ 'ವಾಚಕರ ವಾಣಿ' ಇದೆ, ಬೇರೆ ಪತ್ರಿಕೆಗಳಲ್ಲೂ ಓದುಗರ ಪತ್ರಕ್ಕೆ ಜಾಗ ಇದೆ. ಪಕ್ಕದ ಮನೆಯ ಪಿಯುಸಿ ಹುಡುಗಿ ಬಸ್‌ಸ್ಟಾಪಿನ ದೀಪ ಕೆಟ್ಟ ಬಗ್ಗೆ ಬರೆದಳು. ಮೊದಲ ಸಲ ಎರಡು ಪುಟ ತುಂಬ ಬರೀ ಸಿಟ್ಟು. ಕೂತು ಮಾತಾಡಿದೆವು. ಯಾವ ರಸ್ತೆ, ಎಷ್ಟು ದಿನದಿಂದ ಕೆಟ್ಟಿದೆ, ಟ್ಯೂಷನ್ ಮುಗಿಸಿ ಎಷ್ಟು ಹೊತ್ತಿಗೆ ಅಲ್ಲಿ ನಿಲ್ಲುತ್ತೀಯಾ, ಸರಿಪಡಿಸಬೇಕಾದವರು ಯಾರು? ಕೊನೆಯದನ್ನು ತಿಳಿದುಕೊಳ್ಳಲು ಅವಳೇ ಎರಡು ಆಫೀಸಿಗೆ ಫೋನ್ ಮಾಡಿದಳು. ಕೊನೆಗೆ ಉಳಿದದ್ದು ಏಳೆಂಟು ಸಾಲು, ಒಂದೊಂದೂ ಗಟ್ಟಿ. ವರ್ಷಪೂರ್ತಿ ಬಾಯಿಪಾಠ ಮಾಡಿದ ಪೌರನೀತಿಗಿಂತ ಜಾಸ್ತಿ ಆ ಒಂದು ವಾರದಲ್ಲಿ ಕಲಿತಳು ಅಂತ ನನಗೆ ಅನಿಸಿತು.

ಮನೆಯಲ್ಲಿ ಹದಿನೇಳು ತುಂಬಿದವರಿದ್ದರೆ ಇನ್ನೊಂದು ಕೆಲಸ ಮಾಡಿಸಿ. ಮತದಾರರ ಪಟ್ಟಿಗೆ ಈಗಲೇ ಫಾರ್ಮ್ 6 ತುಂಬಿ ಮುಂಗಡವಾಗಿ ಅರ್ಜಿ ಹಾಕಬಹುದು. ಹೆಸರು ಸೇರುವುದು ಹದಿನೆಂಟು ತುಂಬಿದ ಮೇಲೆ. ಹದಿನೆಂಟು ತುಂಬಿತೇ ಅಂತ ನೋಡಲು ಮುಂಚಿನಂತೆ ಜನವರಿ 1 ಒಂದೇ ಅಲ್ಲ, ಏಪ್ರಿಲ್, ಜುಲೈ, ಅಕ್ಟೋಬರ್ ತಿಂಗಳ ಮೊದಲ ದಿನವೂ ಲೆಕ್ಕಕ್ಕೆ ಬರುತ್ತದೆ. ಫಾರ್ಮನ್ನು ನೀವು ತುಂಬಬೇಡಿ, ಅವರೇ ಓದಿ ತುಂಬಲಿ.