ಸತ್ಯಾಂಶ: ಸೌರಫಲಕ ತನ್ನ ತಯಾರಿಕೆಯ ಶಕ್ತಿಯನ್ನು ತೀರಿಸುವುದಿಲ್ಲವೇ?

ಸೌರಫಲಕವು ತನ್ನ ತಯಾರಿಕೆಗೆ ವ್ಯಯವಾದಷ್ಟು ಶಕ್ತಿಯನ್ನು ಎಂದಿಗೂ ಮರಳಿಸಲಾರದು ಎಂಬ ಸಂದೇಶ ಮೊಬೈಲಿನಿಂದ ಮೊಬೈಲಿಗೆ ಹರಿದಾಡುತ್ತಲೇ ಇದೆ. ಇದು ತಪ್ಪು. ಫಲಕದ ಮೂಲವಸ್ತುವಾದ ಸಿಲಿಕಾನ್‌ನ ಶುದ್ಧೀಕರಣಕ್ಕೆ ಅಪಾರ ವಿದ್ಯುತ್ ಬೇಕಾಗುವುದರಿಂದ ಅನುಮಾನ ಮೂಡುವುದು ಸಹಜವೇ. ಆದರೆ ಸಿಲಿಕಾನ್ ಬಿಲ್ಲೆಗಳು ತೆಳುವಾಗಿ ಅವುಗಳ ದಕ್ಷತೆ ಹೆಚ್ಚಿರುವುದರಿಂದ ಆ ಶಕ್ತಿ ಈಗ ಸಾಮಾನ್ಯವಾಗಿ 1ರಿಂದ 3 ವರ್ಷಗಳಲ್ಲಿ ಮರಳುತ್ತದೆ, ಫಲಕವಾದರೋ 25 ವರ್ಷಗಳಷ್ಟು ಕಾಲ ದುಡಿಯುತ್ತದೆ.

ಸಂದೇಶದಲ್ಲಿ ಅಂಕಿಯಿದೆಯೇ, ಅದು ಯಾವ ವರ್ಷದ್ದು ಎಂಬುದನ್ನು ಮೊದಲು ನೋಡಬೇಕು. ಬಹುಪಾಲು ಸಂದೇಶಗಳು ಇಲ್ಲಿಯೇ ಎಡವುತ್ತವೆ. ಬಳಿಕ ಲೆಕ್ಕ ಸುಲಭ: 400 ವ್ಯಾಟಿನ ಫಲಕಕ್ಕೆ ದಿನಕ್ಕೆ 4 ಗಂಟೆಗಳ ಪೂರ್ಣ ಬಿಸಿಲಿಗೆ ಸಮನಾದ ಬೆಳಕು ದೊರೆತರೆ 1.6 ಯೂನಿಟ್, ಅಂದರೆ ವರ್ಷಕ್ಕೆ, ನಷ್ಟಗಳನ್ನು ಕಳೆದರೂ, 450 ಯೂನಿಟ್‌ಗಳಾದರೂ ಉತ್ಪಾದನೆಯಾಗುತ್ತವೆ. ತಯಾರಿಕೆಗೆ ತಗುಲಿತೆಂದು ಹೇಳಲಾದ ಯೂನಿಟ್‌ಗಳನ್ನು ಇದರಿಂದ ಭಾಗಿಸಿದರೆ ಮರುಪಾವತಿಯ ಅವಧಿ ತಿಳಿಯುತ್ತದೆ.