ಹೋಗುವಾಗ ಭರ್ತಿ, ಬರುವಾಗ ಖಾಲಿ

ಇಂಡೊನೇಷ್ಯಾದ ಜಾವಾ ದ್ವೀಪದಲ್ಲಿರುವ ಸುರಬಾಯಾದ ತಾಂಜುಂಗ್ ಪೆರಾಕ್ ಬಂದರಿನ ಹೊರಗೆ ನಿಂತ ಲಾರಿಗಳ ಸಾಲು ಕನ್ನಡಿಗನಿಗೆ ಹೊಸದೆನಿಸುವುದಿಲ್ಲ. ಹಿಂಬದಿಯಲ್ಲಿ ಅದೇ ಬಣ್ಣದ ಚಿತ್ರ, ಅದೇ ತುಂಟ ಸಾಲುಗಳು, ಚಾಲಕನ ಜೊತೆಗೊಬ್ಬ ಕ್ಲೀನರ್. ಮಿತಿ ಮೀರಿದ ಲೋಡೂ ನಮ್ಮಲ್ಲಿಯಂತೆಯೇ. ಅದನ್ನು ನಿಲ್ಲಿಸಲು ಇಂಡೊನೇಷ್ಯಾ ಸರ್ಕಾರ ಹಾಕಿಕೊಂಡಿದ್ದ 2023ರ ಗಡುವು ಮುಂದೆ ಹೋಯಿತು. 2025ರ ಜೂನ್‌ನಲ್ಲಿ ಮತ್ತೆ ಬಿಗಿ ಮಾಡಹೊರಟಾಗ ಚಾಲಕರು ಬೀದಿಗಿಳಿದರು. ಬಾಡಿಗೆ ಏರಿಸದೆ ಲೋಡ್ ಮಾತ್ರ ಇಳಿಸಿ ಎಂದರೆ ಹೊಟ್ಟೆಪಾಡಿನ ಗತಿಯೇನು? ಅವರ ಸಿಟ್ಟು ನನಗೆ ನ್ಯಾಯವಾಗಿಯೇ ಕಂಡಿತು.

ಊರಿನಿಂದ ಫೋನ್ ಮಾಡುವವರು ರಸ್ತೆ ಹೇಗಿದೆ ಎಂದೇ ಕೇಳುತ್ತಾರೆ. ಜಾವಾದಲ್ಲಿ ರಸ್ತೆಗೇನೂ ಬರವಿಲ್ಲ. 2018ರ ಡಿಸೆಂಬರ್‌ನಿಂದ ಜಕಾರ್ತಾದಿಂದ ಸುರಬಾಯಾವರೆಗೆ ಟೋಲ್ ಹೆದ್ದಾರಿಯಲ್ಲೇ ಬರಬಹುದು. ಮಳೆಗಾಲದಲ್ಲಿ ಶಿರಾಡಿ ಘಾಟಿ ತೆರೆದಿದೆಯೇ ಎಂದು ವಿಚಾರಿಸಿಕೊಂಡು ಮಂಗಳೂರಿಗೆ ಲಾರಿ ಬಿಡುವ ನಾವು ಈ ವಿಷಯದಲ್ಲಿ ಸುಮ್ಮನಿರುವುದೇ ಲೇಸು. ತೊಂದರೆಯಿರುವುದು ಜಾವಾದ ಆಚೆ.

ದೇಶದ ಪೂರ್ವದಂಚಿನ ಮಲುಕು ದ್ವೀಪಗಳು, ಪಾಪುವಾ ಕಡೆಗೆ ಸಿಮೆಂಟು, ಎಣ್ಣೆ, ಬಿಸ್ಕತ್ತು ಬಹುಮಟ್ಟಿಗೆ ಇಲ್ಲಿಂದಲೇ ಹಡಗೇರುತ್ತವೆ. ಪಾಪುವಾದ ಬೆಟ್ಟದೂರುಗಳಿಗೆ ಪೆಟ್ರೋಲ್ ವಿಮಾನದಲ್ಲಿ ಹೋಗಬೇಕು. ಜಾವಾದಲ್ಲಿ ಲೀಟರಿಗೆ 6,450 ರೂಪಿಯಾ ಇದ್ದಾಗ ಅಲ್ಲಿ ಕೆಲವೆಡೆ 60,000 ದಾಟಿತ್ತು. ಅಧ್ಯಕ್ಷರಾಗಿದ್ದ ಜೋಕೊ ವಿಡೊಡೊ 2015ರಲ್ಲಿ ಸಹಾಯಧನದ ಸರಕು ಹಡಗುಗಳನ್ನು ಆರಂಭಿಸಿದರು, ಮರುವರ್ಷ ಇಂಧನಕ್ಕೆ ದೇಶವಿಡೀ ಒಂದೇ ದರ ಎಂದರು. ಉದ್ದೇಶ ಒಳ್ಳೆಯದೇ. ಆದರೆ ಭರ್ತಿಯಾಗಿ ಹೋದ ಹಡಗು ಬಹುಪಾಲು ಖಾಲಿ ಕಂಟೇನರ್ ಹೊತ್ತು ಮರಳುತ್ತದೆ. ಬರುವ ಖರ್ಚೂ ಹೋಗುವ ಸಿಮೆಂಟಿನ ತಲೆಗೇ, ಇಲ್ಲವೆ ಸರ್ಕಾರದ ಬೊಕ್ಕಸಕ್ಕೆ.

ಯಶವಂತಪುರದ ಯಾವ ಲಾರಿ ಮಾಲೀಕನಿಗೂ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ರಿಟರ್ನ್ ಲೋಡ್ ಗೊತ್ತಾಗದೆ ಆತ ಬಾಡಿಗೆಯನ್ನೇ ಮಾತಾಡುವುದಿಲ್ಲ. ಕಾಫಿ ಹೊತ್ತು ಮಂಗಳೂರಿಗಿಳಿದ ಲಾರಿಗೆ ಗೊಬ್ಬರವೋ ಮತ್ತೊಂದೋ ಹುಡುಕಿಕೊಡಲು ಬ್ರೋಕರ್ ಇರುತ್ತಾನೆ. ಕಮಿಷನ್ ಹೊಡೆಯುತ್ತಾನೆಂದು ಅವನನ್ನು ಎಲ್ಲರೂ ಬೈಯುತ್ತಾರೆ. ಬೈಯಲಿ, ಗಾಡಿಯಂತೂ ಖಾಲಿ ಓಡುವುದಿಲ್ಲ.

ಪೂರ್ವದಲ್ಲಿ ಸರಕಿಲ್ಲವೆಂದಲ್ಲ. ಜಾಯಿಕಾಯಿಯಿದೆ, ಕೊಬ್ಬರಿಯಿದೆ, ಮಲುಕುವಿನ ಅಂಬೊನ್ ಸುತ್ತಲಿನ ಸಮುದ್ರದ ತುಂಬ ಮೀನಿದೆ. ಮೀನು ಜಾವಾ ತಲುಪಬೇಕಾದರೆ ಹಿಡಿದ ಗಳಿಗೆಯಿಂದ ಮಂಜುಗಡ್ಡೆ ಬೇಕು, ಆಮೇಲೆ ಶೀತಲ ಕಂಟೇನರ್, ಅದಕ್ಕೆ ಬಂದರಿನಲ್ಲಿ ಕೈಕೊಡದ ಕರೆಂಟು. ಮಲ್ಪೆಯಲ್ಲಿ ಐಸ್ ಪ್ಲಾಂಟುಗಳಿಲ್ಲದೆ ಬೋಟುಗಳು ಸಮುದ್ರಕ್ಕಿಳಿಯುವುದನ್ನು ಯಾರಾದರೂ ಊಹಿಸಿಕೊಳ್ಳಬಲ್ಲರೇ? ಇಲ್ಲಿನ ಎಷ್ಟೋ ಸಣ್ಣ ದ್ವೀಪಗಳಿಗೆ ಹಡಗಿನ ವೇಳಾಪಟ್ಟಿ ಮೊದಲು ತಲುಪಿತು, ಐಸ್ ಇನ್ನೂ ಸಾಲದು.

ಮೊದಲು ಹಡಗು ಹೋಗಲಿ, ಸರಕು ತಾನಾಗಿ ಹುಟ್ಟುತ್ತದೆ ಎಂದು ಇಲ್ಲಿನ ಸಹೋದ್ಯೋಗಿಗಳು ವಾದಿಸುತ್ತಾರೆ. ಹಡಗು ಹೋಗತೊಡಗಿ ಹತ್ತು ವರ್ಷ ಕಳೆಯಿತು. ಇನ್ನೊಂದು ಹಡಗಿಗೆ ಸಹಾಯಧನ ಕೊಡುವ ಬದಲು ಆ ಹಣವನ್ನು ಐಸ್ ಪ್ಲಾಂಟಿಗೂ ಅದರ ಜನರೇಟರಿಗೂ ಹಾಕಿ ಎಂಬುದು ನನ್ನ ವಾದ.