ಅರವತ್ತು, ಮೂವತ್ತು, ಆದರೆ ತೊಂಬತ್ತಲ್ಲ

ಅರವತ್ತಕ್ಕೆ ಮೂವತ್ತು ಕೂಡಿಸಿದರೆ ತೊಂಬತ್ತು. ಶಾಲೆಯ ಮಗ್ಗಿ ಪುಸ್ತಕಕ್ಕೆ ಇದು ಸರಿ, ಸೈನ್ಯದ ರಜೆ ಪುಸ್ತಕಕ್ಕೆ ಅಲ್ಲ. ಅಲ್ಲಿ ಜವಾನನಿಗೆ ವರ್ಷಕ್ಕೆ 60 ದಿನ ವಾರ್ಷಿಕ ರಜೆ, 30 ದಿನ ಕ್ಯಾಶುವಲ್ ರಜೆ. ಆಫೀಸರಿಗಾದರೆ 60 ಮತ್ತು 20. ಎರಡೂ ಅವನ ಹೆಸರಿಗೇ ಇರುತ್ತವೆ. ಆದರೆ ಒಂದರ ಬಾಲಕ್ಕೆ ಇನ್ನೊಂದನ್ನು ಕಟ್ಟುವಂತಿಲ್ಲ. ವಾರ್ಷಿಕ ರಜೆ ಮುಗಿಸಿ ಯೂನಿಟ್ಟಿಗೆ ಹೋಗಿ ಹಾಜರಾಗಬೇಕು, ಕ್ಯಾಶುವಲ್ಲಿಗೆ ಮತ್ತೆ ಕೇಳಬೇಕು, ಮತ್ತೆ ಹೊರಡಬೇಕು. ಇದು ಗೊತ್ತಿಲ್ಲದೆ ತೀರ್ಥಹಳ್ಳಿ, ಹೊಸನಗರದ ಕಡೆ ಎಷ್ಟೋ ಮನೆಗಳಲ್ಲಿ ದೊಡ್ಡಪ್ಪಂದಿರು ಹುಡುಗನ ಮೇಲೆ ಗುಮಾನಿ ಪಡುತ್ತಾರೆ. "ತೊಂಬತ್ತು ದಿನ ಇದೆಯಂತಲ್ಲ ಮಾರಾಯ, ಇಪ್ಪತ್ತೈದಕ್ಕೇ ಎಂತಕ್ಕೆ ಓಡ್ತೀಯ?" ಹುಡುಗ ನಗುತ್ತಾನೆ. ವಿವರಿಸಲು ಕೂತರೆ ಇಪ್ಪತ್ತೈದರಲ್ಲಿ ಇನ್ನೊಂದು ದಿನ ಹೋಗುತ್ತದೆ.

ಕ್ಯಾಶುವಲ್ ರಜೆಯ ಸ್ವಭಾವವೇ ಸ್ವಲ್ಪ ವಿಚಿತ್ರ. ನಿಯಮದ ಪ್ರಕಾರ ಅದು ಡ್ಯೂಟಿ ಎಂದೇ ಲೆಕ್ಕ. ಹಾಗಾಗಿಯೇ, ಕ್ಯಾಶುವಲ್ ರಜೆಯ ಮೇಲೆ ಹೊರಟು ರೈಲಿನ ಅಪಘಾತದಲ್ಲಿ ಕೈ ಕಳೆದುಕೊಂಡ ಸೈನಿಕನೊಬ್ಬನಿಗೆ, ಸ್ವಂತ ಖರ್ಚಿನಲ್ಲಿ ಹೊರಟಿದ್ದ ಎಂಬ ನೆಪ ಒಡ್ಡಿ ಅಂಗವೈಕಲ್ಯ ಪಿಂಚಣಿ ನಿರಾಕರಿಸಬಾರದು ಎಂದು 1999ರಲ್ಲಿ ಸುಪ್ರೀಂ ಕೋರ್ಟ್ ಹೇಳಿತು. ಆದರೆ ಅದೇ ನಿಯಮದ ಪುಸ್ತಕದ ಇನ್ನೊಂದು ಪುಟದಲ್ಲಿ, ಹೊಸ ವರ್ಷದ ವಾರ್ಷಿಕ ರಜೆ ಬೇಕಾದರೆ ಆ ವರ್ಷ ನಿಜವಾಗಿ ಡ್ಯೂಟಿ ಮಾಡಿರಬೇಕು, ಕ್ಯಾಶುವಲ್ಲಿನಲ್ಲಿ ಕಳೆದ ದಿನಗಳು ಆ ಲೆಕ್ಕಕ್ಕೆ ಬರುವುದಿಲ್ಲ ಎಂದೂ ಇದೆ. ಡ್ಯೂಟಿಯೂ ಹೌದು, ಅಲ್ಲದ್ದೂ ಹೌದು. ವೇದಾಂತ ಓದಿದವರಿಗೆ ಇದು ಕಷ್ಟವಾಗಲಿಕ್ಕಿಲ್ಲ.

ಆ ಎರಡನೇ ಪುಟ ಬಂದದ್ದು ಡಿಸೆಂಬರಿನ ಜಾಣರನ್ನು ತಡೆಯಲು. ಈ ವರ್ಷದ 60ರ ಕೊನೆಯ ಕಂತನ್ನು ಡಿಸೆಂಬರ್ 31ಕ್ಕೆ ಮುಗಿಸಿ, ಜನವರಿ 1ರಿಂದ ಮುಂದಿನ ವರ್ಷದ 60 ಶುರು ಮಾಡಿದರೆ ಹೇಗೆ ಎಂದು ಯೂನಿಟ್ಟಿನ ಪ್ರತಿ ಕಂಪನಿಯಲ್ಲೂ, ಅಂದರೆ ತುಕಡಿಯಲ್ಲೂ, ಒಬ್ಬನಿಗಾದರೂ ಹೊಳೆಯುತ್ತದೆ. ಆಗುವುದಿಲ್ಲ. ನಡುವೆ ಒಮ್ಮೆ ವಾಪಸು ಹೋಗಿ ಕೆಲಸ ಮಾಡಲೇಬೇಕು. ಆದರೆ ಡಿಸೆಂಬರಿನಲ್ಲಿ ಹೊರಟ ವಾರ್ಷಿಕ ರಜೆಯನ್ನು ಕಮಾಂಡಿಂಗ್ ಆಫೀಸರು ಒಪ್ಪಿದರೆ ಜನವರಿಯೊಳಕ್ಕೆ ಎಳೆಯಬಹುದು. ಅದು ಹಳೆಯ ವರ್ಷದ ಖಾತೆಗೇ ಬೀಳುತ್ತದೆ, ಹೊಸ ವರ್ಷದ 60ಕ್ಕೆ ಏಟು ಬೀಳುವುದಿಲ್ಲ. ಕ್ಯಾಶುವಲ್ಲಿಗೆ ಈ ಅನುಕೂಲವಿಲ್ಲ. ವರ್ಷ ದಾಟಿದ ಕ್ಯಾಶುವಲ್ ದಿನಗಳು ಹೊಸ ವರ್ಷದ ಮೂವತ್ತರಲ್ಲೇ ಕಡಿತ. ದಾಟದೆ ಉಳಿದವು ಸಂತೆ ದಿನದ ಸೊಪ್ಪಿನ ಹಾಗೆ, ಮರುದಿನಕ್ಕೆ ಬೆಲೆಯಿಲ್ಲ.

ತಾಲ್ಲೂಕು ಕಚೇರಿಯ ನೌಕರನ ಲೆಕ್ಕ ಬೇರೆ. ಅವನಿಗೆ ಜನವರಿ 1ಕ್ಕೆ 15, ಜುಲೈ 1ಕ್ಕೆ 15 ಗಳಿಕೆ ರಜೆ ಜಮೆಯಾಗುತ್ತದೆ, ಬಳಸದಿದ್ದರೆ ಕೂಡುತ್ತಾ ಹೋಗುತ್ತದೆ. ಮದುವೆ, ಮನೆ ಕಟ್ಟುವುದು ಎಲ್ಲವನ್ನೂ ಆ ರಾಶಿ ನೋಡಿಕೊಂಡು ಯೋಚಿಸಬಹುದು. (2019ರಲ್ಲಿ ನಾಲ್ಕನೇ ಶನಿವಾರ ರಜೆ ಕೊಟ್ಟು ಅವನ ಕ್ಯಾಶುವಲ್ ರಜೆಯನ್ನು 15ರಿಂದ 10ಕ್ಕೆ ಇಳಿಸಿದ್ದನ್ನು ಅವನು ಇನ್ನೂ ಮರೆತಿಲ್ಲ, ಅದು ಬೇರೆ ಮಾತು.) ಸೈನಿಕನಿಗೆ ಇಂಥ ರಾಶಿಯಿಲ್ಲ. ಇರುವುದು ಈ ವರ್ಷದ ಅರವತ್ತು, ಅದೂ ಸೇವೆಯ ಅಗತ್ಯಕ್ಕೆ ಒಳಪಟ್ಟು. ಬ್ಯಾಲೆನ್ಸ್ ಇದೆ ಎಂದ ಮಾತ್ರಕ್ಕೆ ರಜೆ ಇದೆ ಎಂದಲ್ಲ.

ಅಗತ್ಯ ಎಂದರೆ ಏನೆಂಬುದು ವರ್ಷದ ಆರಂಭದಲ್ಲೇ ಕಾಣುತ್ತದೆ. ಪ್ರತಿ ಕಂಪನಿಯಲ್ಲೂ ಲೀವ್ ಪ್ಲಾನ್ ಆಗುತ್ತದೆ. ಒಂದೇ ಹೊತ್ತಿಗೆ ಇಷ್ಟೇ ಜನ ಹೊರಗಿರಬಹುದು ಎಂಬ ಮಿತಿ ಇಟ್ಟುಕೊಂಡು, ಸೀನಿಯರ್ ಜೆಸಿಓ (ಜೂನಿಯರ್ ಕಮಿಷನ್ಡ್ ಆಫೀಸರ್) ಮತ್ತು ಹವಾಲ್ದಾರ್ ಮೇಜರು ಹೆಸರು ತುಂಬುತ್ತಾರೆ. ಫೈರಿಂಗ್, ಎಕ್ಸರ್‌ಸೈಜು, ಇನ್‌ಸ್ಪೆಕ್ಷನ್ನುಗಳ ತಾರೀಖು ಮೊದಲೇ ಕೂತಿರುತ್ತವೆ. ಉಳಿದ ಜಾಗಕ್ಕೆ ಪೈಪೋಟಿ. ಬಿಹಾರದವನಿಗೆ ಛಠ್ ಬೇಕು, ಹರಿಯಾಣದವನಿಗೆ ಗೋಧಿ ಕಟಾವು, ಕೇರಳದವನಿಗೆ ಓಣಂ, ಏಪ್ರಿಲ್-ಮೇ ತಿಂಗಳಲ್ಲಿ ಎಲ್ಲರಿಗೂ ಯಾರದೋ ಮದುವೆ. ದೀಪಾವಳಿಗಂತೂ ನೂಕುನುಗ್ಗಲು. ಮಲೆನಾಡಿನಲ್ಲಿ ಅದು ದೊಡ್ಡಹಬ್ಬ. ಗೋಪೂಜೆಗೆ ಮಗ ಇಲ್ಲದಿದ್ದರೆ ಅಮ್ಮನಿಗೆ ಹಬ್ಬವೇ ಅಲ್ಲ. ಇದನ್ನು ಹವಾಲ್ದಾರ್ ಮೇಜರಿಗೆ ಹೇಳಿ ಪ್ರಯೋಜನವಿಲ್ಲ, ಅವನ ಮನೆಯಲ್ಲೂ ಅಂದು ಲಕ್ಷ್ಮೀಪೂಜೆ. ಬಲ್ಲವರು ದೀಪಾವಳಿ ಬಿಟ್ಟುಕೊಟ್ಟು ಭೂಮಿ ಹುಣ್ಣಿಮೆ ಕೇಳುತ್ತಾರೆ. ಸಾಗರದವರಾದರೆ ಮೂರು ವರ್ಷಕ್ಕೊಮ್ಮೆ ಬರುವ ಮಾರಿಕಾಂಬಾ ಜಾತ್ರೆ ಕೇಳುತ್ತಾರೆ. ಇಡೀ ಬೆಟಾಲಿಯನ್ನಿನಲ್ಲಿ ಆ ತಾರೀಖಿಗೆ ಬೇರೆ ಗಿರಾಕಿ ಇರುವುದಿಲ್ಲ.

ಹಬ್ಬಕ್ಕಿಂತ ತೋಟ ಕಷ್ಟ. ಅಡಿಕೆಯ ಕೊಳೆರೋಗಕ್ಕೆ ಬೋರ್ಡೋ ದ್ರಾವಣ ಹೊಡೆಯುವುದನ್ನೇ ನೋಡಿ. ಒಂದು ಕೆಜಿ ಮೈಲುತುತ್ತ, ಒಂದು ಕೆಜಿ ಸುಣ್ಣ, ನೂರು ಲೀಟರ್ ನೀರು: ಇದು ಶೇಕಡಾ ಒಂದರ ದ್ರಾವಣ. ಮೊದಲ ಸುತ್ತು ಮಳೆ ಹಿಡಿಯುವ ಮೊದಲು, ಎರಡನೆಯದು ಅಲ್ಲಿಂದ 40-45 ದಿನಕ್ಕೆ. ಹದಿನೈದು ದಿನದ ಕ್ಯಾಶುವಲ್ಲಿನಲ್ಲಿ ಬಂದವನು ಒಂದು ಸುತ್ತನ್ನಷ್ಟೇ ನೋಡಬಲ್ಲ. ಎರಡೂ ಸುತ್ತಿಗೆ ಇರಬೇಕಾದರೆ 60ರಲ್ಲಿ ಒಂದೂವರೆ ತಿಂಗಳಿಗಿಂತ ಹೆಚ್ಚು ಮಳೆಗಾಲಕ್ಕೇ ಸುರಿಯಬೇಕು, ಆಮೇಲೆ ಕೊಯ್ಲಿಗೆ ಹೆಚ್ಚೇನೂ ಉಳಿಯುವುದಿಲ್ಲ. ಸಾಲದ್ದಕ್ಕೆ ಲೀವ್ ಪ್ಲಾನು ಬರೆದದ್ದು ಜನವರಿಯಲ್ಲಿ. ಜೂನಿನಲ್ಲಿ ಯಾವ ದಿನ ಮಳೆ ಬಿಟ್ಟು ಹೊಳವು ಸಿಗುತ್ತದೆ ಎಂದು ಆಗುಂಬೆಯ ಮಳೆಗೇ ಗೊತ್ತಿರುವುದಿಲ್ಲ. ಬಂದ ದಿನದಿಂದ ಹೊರಡುವ ದಿನದವರೆಗೆ ಸುರಿಯುವುದೂ ಉಂಟು. ಸೈನಿಕ ಮಗ ದೋಟಿ ಪಕ್ಕಕ್ಕಿಟ್ಟು ಜಗಲಿಯಲ್ಲಿ ಹಲಸಿನ ಹಪ್ಪಳ ಮೆಲ್ಲುತ್ತಾ ಕೂತಿರುತ್ತಾನೆ, ಅವನು ಹೋದ ಮರುದಿನ ಬಿಸಿಲು.

ಕೊಯ್ಲು ಕೂಡ ಒಂದೇ ಸಲಕ್ಕೆ ಮುಗಿಯುವುದಲ್ಲ. ಮರ ಹತ್ತಿ ಕೊನೆ ಇಳಿಸುವ ಕೊನೆಗಾರ ಸಿಗಬೇಕು, ಸಿಕ್ಕಿದ ದಿನ ಸುಲಿಯುವವರು ಬೇಕು, ಸುಲಿದದ್ದನ್ನು ಬೇಯಿಸಿ ಒಣಗಲು ಹಾಕಬೇಕು, ಅಷ್ಟರಲ್ಲಿ ಎರಡನೇ ಕೊಯ್ಲಿಗೆ ಬರುತ್ತದೆ. ನಮ್ಮ ಅಭಿಪ್ರಾಯದಲ್ಲಿ ತೋಟದ ಮನೆಯವನು 60ನ್ನು ಎರಡು ಮೂವತ್ತಾಗಿ ಮಾಡಿ, ಒಂದನ್ನು ನವೆಂಬರ್-ಡಿಸೆಂಬರಿಗೆ ಇಡುವುದೇ ಲೇಸು. ಮದ್ದು ಹೊಡೆಯುವುದನ್ನು ತಮ್ಮನಿಗೋ ಗುತ್ತಿಗೆಯವರಿಗೋ ಬಿಡಬೇಕು. ಆ ವರ್ಷ ರಜೆಯ ಒಂದು ಕಂತು ರದ್ದಾದರೆ ಉಳಿದ ಕಂತನ್ನು ಡಿಸೆಂಬರಿನಿಂದ ಜನವರಿಗೆ ಚಾಚಲು ಆಗ ದಾರಿಯೂ ಇರುತ್ತದೆ.

ಮೂವತ್ತೆಂದರೆ ಮನೆಯಲ್ಲಿ ಮೂವತ್ತಲ್ಲ ಎಂಬುದು ಇನ್ನೊಂದು. ದಾರಿ ಕಷ್ಟದ ಕೆಲವು ಪ್ರದೇಶಗಳಿಗೆ ವಿನಾಯಿತಿ ಬಿಟ್ಟರೆ ಪ್ರಯಾಣದ ದಿನಗಳೂ ರಜೆಯೊಳಗೇ. ಕಾಶ್ಮೀರದಿಂದ ರಸ್ತೆಯಲ್ಲಿ ಹೊರಟವನಿಗೆ ಮೊದಲು ಸೇನಾ ವಾಹನಗಳ ಕಾನ್ವಾಯ್ ಸಿಗಬೇಕು, ರಾಂಬನ್ ಹತ್ತಿರ ಗುಡ್ಡ ಜರಿದರೆ ಟ್ರಾನ್ಸಿಟ್ ಕ್ಯಾಂಪಿನಲ್ಲಿ ಕೂರಬೇಕು. ಆಮೇಲೆ ರೈಲು, ಹುಬ್ಬಳ್ಳಿ ಕಡೆಯಿಂದ ಬಂದರೆ ಬೀರೂರಲ್ಲಿ ಇಳಿದು ಶಿವಮೊಗ್ಗದ ಗಾಡಿ, ಅಲ್ಲಿಂದ ಬಸ್ಸು. ವರ್ಷಕ್ಕೊಮ್ಮೆ ವಾರ್ಷಿಕ ರಜೆಗೆ ಸರ್ಕಾರಿ ಖರ್ಚಿನ ಪ್ರಯಾಣದ ವಾರಂಟು ಸಿಗುತ್ತದೆ. ಈಗ ಕಾಗದದ ಬದಲು ಡಿಫೆನ್ಸ್ ಟ್ರಾವೆಲ್ ಸಿಸ್ಟಮ್ಮಿನಲ್ಲೇ ಟಿಕೆಟು ತೆಗೆಯುತ್ತಾರೆ. ಉಳಿದ ಸಲಕ್ಕೆ ರಿಯಾಯಿತಿ ವೋಚರು. 2023ರಿಂದ ಶಿವಮೊಗ್ಗದ ಹತ್ತಿರ ಸೋಗಾನೆಯಲ್ಲಿ ವಿಮಾನ ಇಳಿಯುತ್ತಿದೆ, ಕೈಯಿಂದ ದುಡ್ಡು ಹಾಕಿದರೆ ಎರಡು ದಿನ ಉಳಿಯುತ್ತದೆ. ಹದಿನೈದು ದಿನದ ರಜೆಗೆ ಎರಡು ದಿನ ಸಣ್ಣ ಮೊತ್ತವಲ್ಲ. ರಜೆಯ ದಿನಗಳಿಗೆ ಊಟದ ಬದಲು ರೇಷನ್ ಹಣವೂ ಬರುತ್ತದೆ, ಮಲೆನಾಡಿನ ಅಮ್ಮಂದಿರ ಕೈಯಲ್ಲಿ ಆ ಹಣ ಖರ್ಚಾಗುವ ಪ್ರಮೇಯವಿಲ್ಲ.

ತಪ್ಪು ಹೆಚ್ಚಾಗಿ ಆಗುವುದು ಕೊನೆಯ ತಾರೀಖಿನಲ್ಲಿ. ಲೀವ್ ಸರ್ಟಿಫಿಕೇಟಿನಲ್ಲಿ ಬರೆದದ್ದು ಊರು ಬಿಡುವ ತಾರೀಖಲ್ಲ, ಅಷ್ಟರೊಳಗೆ ಪಯಣವೇ ಮುಗಿದಿರಬೇಕು. "ಇಪ್ಪತ್ತರವರೆಗೆ ರಜೆ" ಎಂದು ಕೇಳಿದ ಮನೆಯವರು ಹತ್ತೊಂಬತ್ತಕ್ಕೆ ಸತ್ಯನಾರಾಯಣ ಕಥೆ ಇಟ್ಟುಕೊಂಡಿರುತ್ತಾರೆ. ರೈಲು ನಿಂತರೆ ಸ್ಟೇಷನ್ ಮಾಸ್ಟರಿಂದ ಬರೆಸಿಕೊಂಡ ಚೀಟಿ ಇರಲಿ, ಕಂಪನಿಗೆ ಆಗಲೇ ಫೋನು ಹೋಗಲಿ. ಜ್ವರ ಬಂದರೆ ಪೇಟೆಯ ಕ್ಲಿನಿಕ್ಕಿನ ಚೀಟಿ ಸಾಲದು. ಹತ್ತಿರದ ಮಿಲಿಟರಿ ಆಸ್ಪತ್ರೆಗೆ ಹೋಗಬೇಕು, ಶಿವಮೊಗ್ಗದವರಿಗೆ ಅದು ಬೆಂಗಳೂರೋ ಬೆಳಗಾವಿಯೋ. ಅಷ್ಟು ದೂರ ಒಯ್ಯುವ ಸ್ಥಿತಿಯಿಲ್ಲದಿದ್ದರೆ ಸರ್ಕಾರಿ ಆಸ್ಪತ್ರೆಯಲ್ಲಿ ದಾಖಲಾಗಿ, ಅಲ್ಲಿಯ ವೈದ್ಯರ ಸಹಿ ಇರುವ ಕಾಗದವನ್ನು ಯೂನಿಟ್ಟಿಗೆ ಕಳಿಸಬೇಕು. ರಜೆ ಮುಂದುವರಿಸಬೇಕೆಂದರೆ ಮುಗಿಯುವ ಮೊದಲೇ ಕೇಳಬೇಕು, ಉತ್ತರ ಬರುವವರೆಗೆ ಸಿಕ್ಕಿತು ಎಂದುಕೊಳ್ಳಬಾರದು. ಹಿಂದೆ ಇದಕ್ಕೆಲ್ಲ "ತಾಯಿ ಸೀರಿಯಸ್" ಎಂಬ ಟೆಲಿಗ್ರಾಮು ಇತ್ತು. ಎಷ್ಟೋ ಆರೋಗ್ಯವಂತ ತಾಯಂದಿರು ಅಂಚೆ ಕಚೇರಿಯಲ್ಲಿ ಹಾಸಿಗೆ ಹಿಡಿದದ್ದರಿಂದ, ಯೂನಿಟ್ಟಿನವರು ತಹಸೀಲ್ದಾರರಿಗೋ ಪೊಲೀಸರಿಗೋ ಬರೆದು ವಿಚಾರಿಸುತ್ತಿದ್ದರು. 2013ರ ಜುಲೈನಲ್ಲಿ ಟೆಲಿಗ್ರಾಮು ನಿಂತಿತು, ವಿಚಾರಿಸುವ ಅಭ್ಯಾಸ ನಿಂತಿಲ್ಲ.

ಸುಮ್ಮನೆ ಉಳಿದುಬಿಟ್ಟರೆ ಅದು ಓಎಸ್ಎಲ್, ಅಂದರೆ ರಜೆ ಮೀರಿ ಉಳಿದ ಅಪರಾಧ. 1950ರ ಸೇನಾ ಕಾಯ್ದೆಯ 39ನೇ ಕಲಂ ಪ್ರಕಾರ ಮೂರು ವರ್ಷದವರೆಗೆ ಸೆರೆ ವಿಧಿಸಬಹುದು. ಒಂದೆರಡು ದಿನಕ್ಕೆ ಅಲ್ಲಿಯವರೆಗೆ ಹೋಗುವುದಿಲ್ಲ, ಆದರೆ ಆ ದಿನಗಳ ಸಂಬಳ ಹೋಗುತ್ತದೆ, ದಾಖಲೆಯಲ್ಲಿ ಗೆರೆ ಬೀಳುತ್ತದೆ, ಮುಂದಿನ ಸಲ ರಜೆ ಕೇಳುವಾಗ ಆ ಗೆರೆಯೇ ಮೊದಲು ಮಾತಾಡುತ್ತದೆ. 30 ದಿನ ದಾಟಿದರೆ ಕೋರ್ಟ್ ಆಫ್ ಇನ್‌ಕ್ವೈರಿ, ಅಂದರೆ ಸೇನೆಯದೇ ವಿಚಾರಣೆ, ಕೂರುತ್ತದೆ.

ಅಗ್ನಿವೀರರಿಗೆ ಈ ಲೆಕ್ಕ ಬೇರೆ: ವರ್ಷಕ್ಕೆ 30 ದಿನ ರಜೆ, ಅನಾರೋಗ್ಯ ರಜೆ ವೈದ್ಯರ ಸಲಹೆಯಂತೆ. ನೆಂಟನ 60 ನೋಡಿ ಹುಡುಗನಿಗೆ ಮದುವೆ ತಾರೀಖು ಗೊತ್ತುಮಾಡುವ ಮೊದಲು ಯಾವ ಭರ್ತಿ ಎಂದು ಕೇಳಿಕೊಳ್ಳುವುದು ಒಳ್ಳೆಯದು. ಭದ್ರಾವತಿಯ ಆರ್‌ಎಎಫ್ (ಗಲಭೆ ತಡೆಯುವ ಕ್ಷಿಪ್ರ ಕಾರ್ಯಪಡೆ) ಕೇಂದ್ರದವರು ಸೈನ್ಯವಲ್ಲ, ಸಿಆರ್‌ಪಿಎಫ್ ಎಂಬ ಕೇಂದ್ರ ಮೀಸಲು ಪೊಲೀಸ್ ಪಡೆ. ಅವರು ಕೇಂದ್ರ ಗೃಹ ಸಚಿವಾಲಯದ ಕೆಳಗೆ, ಅವರ ರಜೆ ನಿಯಮಗಳೇ ಬೇರೆ.

ಬಳಸದೆ ಉಳಿದ ವಾರ್ಷಿಕ ರಜೆ ಪೂರ್ತಿ ನಷ್ಟವಲ್ಲ. ಸೇವೆಯ ಅಗತ್ಯದಿಂದ ಸಿಗದೆ ಹೋದ ದಿನಗಳಲ್ಲಿ ವರ್ಷಕ್ಕೆ ಹೆಚ್ಚೆಂದರೆ 30, ಒಟ್ಟು 300ರವರೆಗೆ ಕೂಡುತ್ತದೆ. ಅದನ್ನು ರಜೆಯಾಗಿ ಬಳಸುವಂತಿಲ್ಲ; ನಿವೃತ್ತಿಯ ದಿನ ಹಣವಾಗಿ ಬರುತ್ತದೆ. 300 ತುಂಬಿದ್ದರೆ ಹತ್ತು ತಿಂಗಳ ಮೂಲ ವೇತನ ಮತ್ತು ತುಟ್ಟಿಭತ್ಯೆಯಷ್ಟು. ಆದರೆ ಕೂಡಿದ್ದು ಎಂದರೆ ಮನಸ್ಸಿನಲ್ಲಿ ಕೂಡಿದ್ದಲ್ಲ, ಪಾರ್ಟ್ ಟೂ ಆರ್ಡರಿನಲ್ಲಿ (ಸೈನಿಕನ ಸೇವಾ ವಿವರಗಳನ್ನು ಪ್ರಕಟಿಸುವ ಯೂನಿಟ್ಟಿನ ಆದೇಶ) ಪ್ರಕಟವಾಗಿ ರೆಕಾರ್ಡ್ ಆಫೀಸಿನ ದಾಖಲೆಗೆ ಏರಿದ್ದು. ಗಡಿಯಿಂದ ಯೂನಿಟ್ಟು ಸ್ಥಳಾಂತರವಾದ ವರ್ಷ, ಪೋಸ್ಟಿಂಗ್ ಬದಲಾದ ವರ್ಷ, ಕಂಪನಿ ಕ್ಲರ್ಕು ಕೋರ್ಸಿಗೆ ಹೋದ ವರ್ಷ ಇದು ತಪ್ಪಿಹೋಗುತ್ತದೆ. ಹದಿನೈದು ವರ್ಷದ ನಂತರ ಪಿಂಚಣಿ ಕಾಗದ ತಯಾರಾಗುವಾಗ ಆ ಮೂವತ್ತು ದಿನಕ್ಕೆ ಸಾಕ್ಷಿ ಹುಡುಕಿದರೆ ಆಗಿನ ಕ್ಲರ್ಕು ನಿವೃತ್ತನಾಗಿ ಊರಿನಲ್ಲಿ ತೋಟ ಮಾಡಿಕೊಂಡಿರುತ್ತಾನೆ. ಜನವರಿ ಮುಗಿಯುವುದರೊಳಗೆ ಕಂಪನಿ ಆಫೀಸಿಗೆ ಹೋಗಿ ಹಿಂದಿನ ವರ್ಷದ ಎಷ್ಟು ದಿನ ಜಮೆಯಾಯಿತು, ಆರ್ಡರಿನ ಸಂಖ್ಯೆ, ತಾರೀಖು ಏನು ಎಂದು ಕೇಳಿ, ಒಂದು ನೋಟುಪುಸ್ತಕದಲ್ಲಿ ಬರೆದು, ಅದರ ಇನ್ನೊಂದು ಪ್ರತಿಯನ್ನು ಮನೆಯಲ್ಲಿ ಹೆಂಡತಿಯ ಕೈಗೆ ಕೊಟ್ಟಿರುವುದು ವಾಸಿ. ಮಲೆನಾಡಿನಲ್ಲಿ ಅಡಿಕೆ ಮಂಡಿಯ ಚೀಟಿಗಳನ್ನು ಇಡುವ ಡಬ್ಬ ಎಲ್ಲ ಮನೆಯಲ್ಲೂ ಇರುತ್ತದೆ, ಅದರಲ್ಲೇ ಹಾಕಬಹುದು. ಮಳೆಗಾಲದಲ್ಲಿ ಬೂಷ್ಟು ಹಿಡಿಯದ ಹಾಗೆ ಪ್ಲಾಸ್ಟಿಕ್ ಕವರಿನೊಳಗಿಟ್ಟು.